ಅಪ್ಪಣೆ ಹತ್ತಿರಕ್ಕೆ ಬಂದ ದಾರಿ

2005ರ ಜೂನ್ 24, ಸ್ನಾನಿಕ ಯೊವಾನ್ನರ ಜನ್ಮದ ಹಬ್ಬ. ಪೀಠಕ್ಕೇರಿ ಎರಡು ತಿಂಗಳಷ್ಟೇ ಆಗಿದ್ದ ಪೋಪ್ 16ನೇ ಬೆನೆಡಿಕ್ಟ್ ಅಂದು ಕಲಬುರಗಿಯನ್ನು ಕೇಂದ್ರ ಮಾಡಿ ಹೊಸ ಧರ್ಮಪ್ರಾಂತ್ಯವೊಂದನ್ನು ಸ್ಥಾಪಿಸಿದರು. ಕಲಬುರಗಿ, ಬೀದರ್, ವಿಜಯಪುರ ಜಿಲ್ಲೆಗಳು ಅದಕ್ಕೆ ಸೇರಿದವು. ಯಾದಗಿರಿ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಮಂಗಳೂರು ಧರ್ಮಪ್ರಾಂತ್ಯದ ಗುರು ರಾಬರ್ಟ್ ಮೈಕಲ್ ಮಿರಾಂಡ ಮೊದಲ ಧರ್ಮಾಧ್ಯಕ್ಷರಾದರು.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಯ ಕಥೋಲಿಕ ಮನೆಗಳಲ್ಲಿ ಮರುದಿನ ಬೆಳಗಾದಾಗ ಕಣ್ಣಿಗೆ ಕಾಣುವಂಥದ್ದೇನೂ ಬದಲಾಗಿರಲಿಲ್ಲ. ಆದರೆ ಬಲಿಪೂಜೆಯ ನಡುವೆ, ರೊಟ್ಟಿ ದ್ರಾಕ್ಷಾರಸಗಳ ಮೇಲಿನ ಪ್ರಾರ್ಥನೆಯಲ್ಲಿ, ಫಾದರ್ ಎರಡು ಹೆಸರು ಹೇಳುತ್ತಾರೆ. ಒಂದು ಪೋಪ್ ಅವರದು, ಇನ್ನೊಂದು ಆ ನೆಲದ ಧರ್ಮಾಧ್ಯಕ್ಷರದು. ಪ್ರಪಂಚದ ಯಾವ ಮೂಲೆಯ ಕಥೋಲಿಕ ಪೂಜೆಯಲ್ಲೂ ಈ ಎರಡು ಹೆಸರು ತಪ್ಪುವುದಿಲ್ಲ. ಎರಡನೆಯ ಹೆಸರಿನ ಜಾಗಕ್ಕೆ ಕಲಬುರಗಿಯಲ್ಲೇ ವಾಸವಾಗಿರುವ ಒಬ್ಬರ ಹೆಸರು ಬಂದದ್ದು ಆಗ. ವಾಡಿಯಿಂದ ರೈಲು ಹತ್ತಿದರೆ 40 ಕಿ.ಮೀ.ಗೂ ಕಡಿಮೆ ದೂರದಲ್ಲಿ ಬಿಷಪ್ ಮನೆ. ಈ ದೂರ ಇಷ್ಟಕ್ಕಿಳಿಯಲು ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅದು ಹೇಗೆ ಎಂಬುದನ್ನು ಹಿಂದಿನಿಂದ ನೋಡಬೇಕು. ನಂಬಿಕೆಯ ವಿಷಯದಲ್ಲಿ ಕೊನೆಯ ಮಾತು ಯಾರದು, ಆ ಮಾತು ಹೇಳುವವರು ಏನನ್ನು ನೋಡಿ, ಯಾರನ್ನು ಕೇಳಿ ಹೇಳಬೇಕು ಎಂಬ ಎರಡು ಪ್ರಶ್ನೆಗಳೂ ಆ ಕಥೆಯಲ್ಲೇ ಇವೆ.

ಈ ಪ್ರಶ್ನೆಗಳು ಈ ನೆಲಕ್ಕೆ ಹೊಸವಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಧರ್ಮದ ಬಗ್ಗೆ ಒಬ್ಬ ಚಕ್ರವರ್ತಿ ಹೊರಡಿಸಿದ ಅಪ್ಪಣೆ ಅದು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಪೀಠವಿತ್ತು. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು, ಜೈನರ ವಿದ್ಯಾಕೇಂದ್ರವಾಗಿತ್ತು. ಮಾಧ್ವರಿಗೆ ಅದು ಟೀಕಾಚಾರ್ಯರ ಹೆಸರಿನೊಡನೆ ಬೆಸೆದುಕೊಂಡ ಕ್ಷೇತ್ರ. ಮೂಲಗ್ರಂಥ ಒಂದಿದ್ದರೆ ಸಾಲದು, ಅದನ್ನು ಬಿಡಿಸಿ ಹೇಳುವ ಪರಂಪರೆ ಬೇಕು ಎಂಬುದನ್ನು ಇಲ್ಲಿಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ.

ಕಥೋಲಿಕರ ಕಥೆ ಗೋವೆಯಿಂದ ಶುರುವಾಗುತ್ತದೆ. ಪೋರ್ಚುಗೀಸರು ಕಡಲು ದಾಟಿ ಬಂದಾಗ ಪೋಪ್ ಅವರ ರಾಜನಿಗೆ ಒಂದು ದೊಡ್ಡ ಹಕ್ಕನ್ನು ಒಪ್ಪಿಸಿದ್ದರು. ಪೂರ್ವದೇಶಗಳಲ್ಲಿ ಚರ್ಚು ಕಟ್ಟಿಸುವುದು, ಗುರುಗಳನ್ನು ಕಳಿಸುವುದು, ಅವರ ಖರ್ಚು ನೋಡಿಕೊಳ್ಳುವುದು ರಾಜನ ಹೊಣೆ. ಬದಲಿಗೆ ಬಿಷಪ್ ಯಾರಾಗಬೇಕೆಂದು ಸೂಚಿಸುವ ಅಧಿಕಾರವೂ ರಾಜನದೇ. ಇದಕ್ಕೆ ಪಾದ್ರುವಾದೊ ಎಂದು ಹೆಸರು. ಧರ್ಮದ ಅಧಿಕಾರವೂ ರಾಜ್ಯದ ಅಧಿಕಾರವೂ ಒಂದೇ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಗೋವೆಯ ಇನ್‌ಕ್ವಿಸಿಷನ್, ಅಂದರೆ ಧರ್ಮವಿಚಾರಣೆಯ ನ್ಯಾಯಪೀಠ, ಸಾಕ್ಷಿ. 1560ರಲ್ಲಿ ಶುರುವಾದದ್ದು, ನಡುವೆ ಒಮ್ಮೆ ನಿಂತರೂ, 1812ರವರೆಗೆ ಉಳಿಯಿತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಾಗದು.

ರೋಮಿಗೂ ಈ ಏರ್ಪಾಟು ಬೇಗನೇ ಭಾರವಾಯಿತು. 1622ರಲ್ಲಿ ಪೋಪ್ 15ನೇ ಗ್ರೆಗೊರಿ ಧರ್ಮಪ್ರಚಾರಕ್ಕೆಂದೇ ಪ್ರೊಪಗಾಂಡಾ ಫಿದೆ ಎಂಬ ಇಲಾಖೆಯನ್ನು ತೆರೆದರು. ಅದರ ಮೊದಲ ಕಾರ್ಯದರ್ಶಿ ಫ್ರಾನ್ಚೆಸ್ಕೊ ಇಂಗೋಲಿ. ಆಯಾ ದೇಶದ ಜನರೇ ಗುರುಗಳಾಗಬೇಕು, ಬಿಷಪ್ ಆಗಬೇಕು ಎಂದು ಹಟ ಹಿಡಿದ ಮನುಷ್ಯ ಅವರು. ಅವರ ಬಳಿಗೆ ಸರಿಯಾದ ಹೊತ್ತಿಗೆ ಒಬ್ಬ ಯುವಕ ಬಂದು ನಿಂತ.

ಅವನ ಹೆಸರು ಮಾಥೇವುಸ್ ದೆ ಕಾಸ್ಟ್ರೋ. ಮಾಂಡವಿ ನದಿಯ ನಡುವಿನ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕಥೋಲಿಕ ಮನೆತನದಲ್ಲಿ 1594ರ ಸುಮಾರಿಗೆ ಹುಟ್ಟಿದವನು. ಗುರುವಾಗಬೇಕೆಂದು ಆಸೆಪಟ್ಟ. ಗೋವೆಯ ಆರ್ಚ್‌ಬಿಷಪ್ ದೀಕ್ಷೆ ಕೊಡಲು ಒಪ್ಪಲಿಲ್ಲ. ಬೇರೆಯವನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನೇನೋ. ಇವನು 1625ರಲ್ಲಿ ಭೂಮಾರ್ಗ ಹಿಡಿದು ರೋಮಿಗೆ ಹೊರಟೇಬಿಟ್ಟ. ಅಲ್ಲಿ ಓದಿದ, ಗುರುದೀಕ್ಷೆ ಪಡೆದ, ಊರಿಗೆ ಮರಳಿದ. ಅವನು ತಂದ ಕಾಗದಪತ್ರಗಳನ್ನು ಗೋವೆಯ ಅಧಿಕಾರಿಗಳು ಮಾನ್ಯ ಮಾಡಲಿಲ್ಲ. ಅವನು ಮತ್ತೆ ರೋಮಿಗೆ ಹೋದ. 1637ರಲ್ಲಿ ಅಲ್ಲಿ ಅವನಿಗೆ ಬಿಷಪ್ ದೀಕ್ಷೆಯೇ ಆಯಿತು. ಲ್ಯಾಟಿನ್ ವಿಧಿಯ ಕಥೋಲಿಕ ಧರ್ಮಸಭೆಯ ಮೊದಲ ಭಾರತೀಯ ಬಿಷಪ್ ಅವನು.

ಅವನಿಗೆ ಒಪ್ಪಿಸಿದ ಸೀಮೆಯ ಹೆಸರು ರೋಮಿನ ದಾಖಲೆಗಳಲ್ಲಿ ಇದಾಲ್ಕಾನ್. ಆದಿಲ್‌ಖಾನ್ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ಹೀಗಾಗಿತ್ತು, ಅಂದರೆ ಬಿಜಾಪುರದ ಆದಿಲ್‌ಶಾಹಿ ರಾಜ್ಯ. ಗೋಳಗುಮ್ಮಟದ ಮುಹಮ್ಮದ್ ಆದಿಲ್‌ಶಾ ಆಳುತ್ತಿದ್ದ ಕಾಲ. ಕಲಬುರಗಿಯೂ ಆಗ ಆ ರಾಜ್ಯದ್ದೇ. ಇಂದಿನ ಕಲಬುರಗಿ ಧರ್ಮಪ್ರಾಂತ್ಯದಲ್ಲಿ ವಿಜಯಪುರವೂ ಸೇರಿದೆ ಎಂಬುದನ್ನು ನೆನೆದರೆ, 2005ರ ಪೀಠಕ್ಕೆ 1637ರಲ್ಲೇ ಕಾಗದದ ಮೇಲೆ ಒಂದು ಪೂರ್ವಜ ಇತ್ತೆನ್ನಬೇಕು.

ಕಾಗದದ ಮೇಲೆ ಎಂದೆ, ಏಕೆಂದರೆ ಕಾಸ್ಟ್ರೋನ ಅಧಿಕಾರ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಗೋವೆಯವರು ಅವನನ್ನು ಬಿಷಪ್ ಎಂದು ಒಪ್ಪಲಿಲ್ಲ. ಅವನು ಗಡಿ ದಾಟಿ ಆದಿಲ್‌ಶಾಹಿಯ ಡಿಚೋಲಿಯಲ್ಲಿ ನೆಲೆನಿಂತ. ಚರ್ಚು ಕಟ್ಟಿಸಿದ, ಗೋವೆಯಲ್ಲಿ ದೀಕ್ಷೆ ಸಿಗದ ದೇಶೀ ಯುವಕರಿಗೆ ದೀಕ್ಷೆ ಕೊಟ್ಟ. ಮುಸಲ್ಮಾನ ಸುಲ್ತಾನನ ನೆಲದಲ್ಲಿ ಅವನಿಗೆ ಸಿಕ್ಕ ಜಾಗ ಕ್ರೈಸ್ತ ರಾಜನ ನೆಲದಲ್ಲಿ ಸಿಗಲಿಲ್ಲ. ಬಿಜಾಪುರದ ಸೈನ್ಯವನ್ನು ಗೋವೆಯ ಮೇಲೆ ಎತ್ತಿಕಟ್ಟಿದನೆಂದು ಪೋರ್ಚುಗೀಸರು ಅವನ ಮೇಲೆ ಆರೋಪ ಹೊರಿಸಿದರು. ಕೊನೆಗಾಲವನ್ನು ಅವನು ರೋಮಿನಲ್ಲೇ ಕಳೆದ.

ಅವನೂ ದೋಷವಿಲ್ಲದವನಲ್ಲ. ಪರಂಗಿ ಗುರುಗಳ ದರ್ಪದ ವಿರುದ್ಧ ಅವನು ಬರೆದ ಪುಸ್ತಕದ ಹೆಸರೇ 'ಬ್ರಾಹ್ಮಣರ ಕನ್ನಡಿ' ಎಂಬರ್ಥದ್ದು. ತನಗಾದ ಅನ್ಯಾಯ ಅವನಿಗೆ ನಿಚ್ಚಳವಾಗಿ ಕಂಡಿತು. ತನ್ನ ಜಾತಿಯ ಆಚೆಗಿನವರಿಗೆ ಆಗುತ್ತಿದ್ದ ಅನ್ಯಾಯ ಅಷ್ಟು ಕಂಡಂತಿಲ್ಲ. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಆದರೂ ಕಾಸ್ಟ್ರೋನ ಪರದಾಟ ವ್ಯರ್ಥವಾಗಲಿಲ್ಲ ಎಂದು ನಾನು ನಂಬುತ್ತೇನೆ. ದೂರದ ರಾಜನ ಮುದ್ರೆಗಿಂತ ನೆಲದ ಮನುಷ್ಯನ ತಿಳಿವಳಿಕೆ ದೊಡ್ಡದು ಎಂದು ರೋಮ್ ಮೊದಲ ಬಾರಿ ಹೇಳಿದ್ದು ಅವನ ನೇಮಕದಲ್ಲಿ. 1659ರಲ್ಲಿ ಪ್ರೊಪಗಾಂಡಾ ಫಿದೆ ಪೂರ್ವದೇಶಗಳಿಗೆ ಹೊರಟ ಬಿಷಪ್‌ಗಳ ಕೈಗೆ ಒಂದು ಸೂಚನಾಪತ್ರ ಕೊಟ್ಟಿತು. ಧರ್ಮಕ್ಕೂ ಸದಾಚಾರಕ್ಕೂ ನೇರ ವಿರುದ್ಧವಾಗಿರದ ಹೊರತು ಜನರ ರೀತಿರಿವಾಜುಗಳನ್ನು ಬದಲಿಸಲು ಹೋಗಬೇಡಿ, ಕೊಂಡೊಯ್ಯಬೇಕಾದದ್ದು ವಿಶ್ವಾಸವನ್ನು, ಯುರೋಪನ್ನಲ್ಲ ಎಂಬುದು ಅದರ ಸಾರ. ಅದೇ ಕಾಲಕ್ಕೆ ದಕ್ಷಿಣದಲ್ಲಿ, ಶ್ರೀರಂಗಪಟ್ಟಣದಲ್ಲಿ, ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿಯ ವೇಷ ತೊಟ್ಟು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆಯುತ್ತಿದ್ದರು. ಜುಟ್ಟು, ಜನಿವಾರ, ಗಂಧ ಇವೆಲ್ಲ ಧರ್ಮವೋ ಬರೀ ಲೋಕರೂಢಿಯೋ ಎಂಬ ವಾದ ರೋಮಿನವರೆಗೂ ಹೋಯಿತು. 1623ರಲ್ಲಿ ಒಪ್ಪಿಗೆ ಸಿಕ್ಕಿದ್ದ ಹಲವು ರೂಢಿಗಳಿಗೆ 1744ರಲ್ಲಿ ತಡೆ ಬಿತ್ತು. ಒಂದೇ ಪೀಠ, ಒಂದೇ ವಿಷಯ, ನೂರ ಇಪ್ಪತ್ತೊಂದು ವರ್ಷದ ಮೇಲೆ ಬೇರೆ ತೀರ್ಪು. ರೂಢಿ ಶಿಸ್ತಿನ ಬಗೆಗಿನ ಆಜ್ಞೆ ಬದಲಾಗಬಹುದು, ವಿಶ್ವಾಸದ ತಿರುಳು ಬದಲಾಗದು ಎಂದು ಧರ್ಮಸಭೆ ಹೇಳುವುದಕ್ಕೆ ಇಂಥ ಅನುಭವವೂ ಹಿನ್ನೆಲೆ.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಅಲ್ಲಿಂದ ಮುಂದೆ ಈ ಸೀಮೆಯ ಕಥೋಲಿಕ ಚರಿತ್ರೆ ತೆಳುವಾಗುತ್ತದೆ. ಮುದಗಲ್ಲಿನಂಥ ಕೆಲವೇ ಕಡೆ ಆದಿಲ್‌ಶಾಹಿ ಕಾಲದ ಕ್ರೈಸ್ತ ಕುಟುಂಬಗಳು ಉಳಿದುಕೊಂಡವು. ನಿಜಾಮರ ಸೀಮೆಗೆಂದು 1851ರಲ್ಲಿ ಹೈದರಾಬಾದಿನಲ್ಲಿ ಬೇರೆ ವಿಕೇರಿಯೇಟ್ ಆಯಿತು. ಇಟಲಿಯ ಮಿಲಾನಿನ ಮಿಷನರಿಗಳು 1855ರಲ್ಲಿ ಅಲ್ಲಿಗೆ ಬಂದರು. 1886ರಲ್ಲಿ ಪೋರ್ಚುಗಲ್ಲಿನೊಡನೆ ಒಪ್ಪಂದವಾಗಿ, ಪೋಪ್ 13ನೇ ಲಿಯೊ ಭಾರತಕ್ಕೆಲ್ಲ ಒಂದು ಕ್ರಮಬದ್ಧ ಬಿಷಪ್ ವ್ಯವಸ್ಥೆ ಕೊಟ್ಟಾಗ ಹೈದರಾಬಾದ್ ಪೂರ್ಣ ಧರ್ಮಪ್ರಾಂತ್ಯವಾಯಿತು.

ಮೊದಲು ಹೇಳಿದ ಐದು ಊರುಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ರೈಲು. ಸೊಲ್ಲಾಪುರದಿಂದ ಶಹಾಬಾದ್, ವಾಡಿ ಹಾದು ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ ರಸ್ತೆ, ಸೇಡಂ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಬಯಲಲ್ಲಿ ಒಂದು ಜಂಕ್ಷನ್ ಎದ್ದಿತು. ಈ ಹಳಿಗಳ ಜೊತೆಗೆ ಗೋವೆಯವರು, ಆಂಗ್ಲೋ ಇಂಡಿಯನ್ನರು, ತಮಿಳರು, ತೆಲುಗರು ಡ್ರೈವರ್, ಗಾರ್ಡ್, ಫಿಟರ್ ಆಗಿ ರೈಲ್ವೆ ಊರುಗಳಿಗೆ ಬಂದರು. ಅವರಲ್ಲಿ ಜಪಸರ ಹಿಡಿದವರೂ ಇದ್ದರು. ಆಮೇಲೆ ಶಹಾಬಾದಿನಲ್ಲಿ, ವಾಡಿಯಲ್ಲಿ, ಸೇಡಂ ಸೀಮೆಯಲ್ಲಿ ಸಿಮೆಂಟು ಬಂತು, ಹೊರಗಿನ ಜನ ಇನ್ನಷ್ಟು ಬಂದರು. ಚಿಂಚೋಳಿಗೆ ರೈಲಿಲ್ಲ. ಅಲ್ಲಿ ಗುಡ್ಡ, ಕಾಡು, ತಾಂಡಾ. ಅಲ್ಲಿಗೆ ಧರ್ಮಸಭೆ ತಲುಪಿದ್ದು ಶಾಲೆ, ದವಾಖಾನೆ, ಸಿಸ್ಟರುಗಳ ಕಾಲ್ನಡಿಗೆಯ ಹಾದಿಯಲ್ಲಿ.

ಊರೂರಿಗೆ ವರ್ಗವಾಗುತ್ತಿದ್ದ ಈ ರೈಲ್ವೆ ಜನರನ್ನು ಧರ್ಮಸಭೆ ಹಿಡಿದಿಟ್ಟದ್ದು ಒಂದು ದಪ್ಪ ಪುಸ್ತಕದಿಂದ. ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನದ ರಿಜಿಸ್ಟರ್ ಇರುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ಜ್ಞಾನಪಿತ, ಜ್ಞಾನಮಾತೆ, ಸ್ನಾನ ಕೊಟ್ಟ ಗುರುವಿನ ಸಹಿ, ಬದಿಯಲ್ಲಿ ಖಾಲಿ ಜಾಗ. ಆ ಮಗು ದೊಡ್ಡದಾಗಿ ಎಲ್ಲೇ ಮದುವೆಯಾದರೂ ಆ ಸುದ್ದಿ ಸ್ನಾನವಾದ ಊರಿನ ಪುಸ್ತಕಕ್ಕೆ ಬಂದು ಆ ಖಾಲಿ ಜಾಗದಲ್ಲಿ ಕೂರಬೇಕು ಎಂಬುದು ಕಾನೂನು. ಹೀಗಾಗಿ ಮದುವೆಗೆ ಮುಂಚೆ ಜ್ಞಾನಸ್ನಾನದ ಹೊಸ ಪ್ರತಿ ತರಿಸಬೇಕು. ಗುಂತಕಲ್ಲಿನಲ್ಲಿ ಸ್ನಾನವಾದ ಹುಡುಗ ವಾಡಿಯ ಹುಡುಗಿಯನ್ನು ಮದುವೆಯಾಗುವುದಾದರೆ ಕಾಗದ ಗುಂತಕಲ್ಲಿಗೆ ಹೋಗಿ ಬರಬೇಕು, ಅವರ ಹೆಸರನ್ನು ಪೂಜೆಯಲ್ಲಿ ಸಾರಬೇಕು, ಅಡ್ಡಿ ಗೊತ್ತಿದ್ದವರು ಬಂದು ಹೇಳಬೇಕು. ಅಧಿಕಾರ ಎಂದರೆ ಅಪ್ಪಣೆ ಮಾತ್ರ ಅಂದುಕೊಳ್ಳುವವರು ಈ ರಿಜಿಸ್ಟರನ್ನು ಒಮ್ಮೆ ನೋಡಬೇಕು. ಹುಡುಗಿಗೆ ಮೋಸವಾಗದಂತೆ ಕಾಯುವುದೂ ಅಧಿಕಾರದ್ದೇ ಕೆಲಸ.

ಈ ಭಾಗದಲ್ಲಿ ಕ್ರೈಸ್ತರೆಂದರೆ ಮೊದಲು ನೆನಪಾಗುವವರು ಮೆಥಡಿಸ್ಟರು. ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ಅವರ ಬೇರು ಆಳವಾದದ್ದು. ಒಂದೇ ಓಣಿಯಲ್ಲಿ ಎರಡೂ ಮನೆಗಳಿದ್ದಾಗ ಈ ಮಾತು ಬಂದೇ ಬರುತ್ತದೆ: "ಅಕ್ಕಾ, ನೀವು ಮಾತೆ ಮರಿಯಮ್ಮಗ ಮೊಂಬತ್ತಿ ಹಚ್ತೀರಲ್ಲ, ಅದು ಬೈಬಲ್‌ದಾಗ ಎಲ್ಲದ?"

ಇದು ಕೀಟಲೆಯ ಪ್ರಶ್ನೆಯಲ್ಲ. ಕ್ರೈಸ್ತಲೋಕ ಐದು ನೂರು ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆ. ಕಥೋಲಿಕ ಉಪದೇಶದ ಉತ್ತರವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಬರೆದಿಟ್ಟಿತು. ಪವಿತ್ರ ಗ್ರಂಥ ಮತ್ತು ಪ್ರೇಷಿತರಿಂದ ನಡೆದುಬಂದ ಪರಂಪರೆ ಒಂದೇ ಬುಗ್ಗೆಯ ನೀರು. ಅವೆರಡನ್ನೂ ಅಧಿಕೃತವಾಗಿ ವಿವರಿಸುವ ಹೊಣೆ ಪೋಪ್ ಮತ್ತು ಅವರೊಡಗೂಡಿದ ಬಿಷಪ್‌ಗಳದು. ಇಲ್ಲೇ ಒಂದು ಮುಖ್ಯ ಮಾತಿದೆ: ಹೀಗೆ ವಿವರಿಸುವ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕ. ತಾನು ಪಡೆದದ್ದನ್ನು ಮಾತ್ರ ಕಲಿಸಬಹುದು, ಹೊಸದನ್ನು ಹುಟ್ಟಿಸುವಂತಿಲ್ಲ. ಮರಿಯಮ್ಮನ ಮುಂದೆ ಮೊಂಬತ್ತಿ ಹಚ್ಚುವುದು ಆರಾಧನೆಯಲ್ಲ, ಗೌರವ ಮತ್ತು ಬಿನ್ನಹ. ಆರಾಧನೆ ದೇವರೊಬ್ಬನಿಗೇ.

ಪೋಪ್ ತಪ್ಪು ಮಾಡುವುದೇ ಇಲ್ಲ ಎಂದು ಕಥೋಲಿಕರು ನಂಬುತ್ತಾರೆ ಎಂಬ ಮಾತು ಎಲ್ಲೆಡೆ ಇದೆ. 1870ರ ಜುಲೈ 18ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದು ಬಹಳ ಇಕ್ಕಟ್ಟಾದ ಮಾತು. ವಿಶ್ವಾಸ ಅಥವಾ ಸದಾಚಾರದ ವಿಷಯದಲ್ಲಿ, ಇಡೀ ಧರ್ಮಸಭೆಗೆ ಅನ್ವಯಿಸುವಂತೆ, ತನ್ನ ಪೀಠದ ಪೂರ್ಣ ಅಧಿಕಾರದಿಂದ, ಇದು ಅಂತಿಮ ಎಂದು ಪೋಪ್ ಸಾರಿದಾಗ ಮಾತ್ರ ಆ ಮಾತಿಗೆ ತಪ್ಪಿಲ್ಲ. ಅಲ್ಲಿಂದೀಚೆಗೆ ಹಾಗೆ ಸಾರಿದ್ದು ಒಂದೇ ಸಲ, 1950ರ ನವೆಂಬರ್ 1ರಂದು, ಮರಿಯಮ್ಮನ ಸ್ವರ್ಗಾರೋಹಣದ ಬಗ್ಗೆ. ಪೋಪ್ ಅವರ ರಾಜಕೀಯ ಅಂದಾಜು, ಸಂದರ್ಶನದ ಮಾತು, ನೇಮಕಾತಿಗಳು ಆ ಸಾಲಿಗೆ ಸೇರವು. ಅವುಗಳಿಗೆ ಗೌರವ ಬೇಕು, ಪ್ರಶ್ನೆ ಕೇಳಲು ಅಡ್ಡಿಯಿಲ್ಲ. 1983ರ ಧರ್ಮಸಭಾ ಕಾನೂನಿನ 212ನೇ ವಿಧಿ ತಮ್ಮ ಅಗತ್ಯಗಳನ್ನೂ ಅಭಿಪ್ರಾಯವನ್ನೂ ಗುರುಗಳ ಮುಂದಿಡುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎಂದೇ ಹೇಳುತ್ತದೆ. ಈ ವಿಧಿಯನ್ನು ಪ್ರತಿ ಚರ್ಚಿನ ಸೂಚನಾಫಲಕದಲ್ಲಿ ಹಚ್ಚಬೇಕೆಂದು ನನ್ನ ಆಸೆ.

ಅಧಿಕಾರದ ಮಾತು ಇಷ್ಟು. ವಿವೇಚನೆಯ ಮಾತಿಗೆ ಇದಕ್ಕಿಂತ ಹೆಚ್ಚು ತಾಳ್ಮೆ ಬೇಕು.

ಕಥೋಲಿಕ ಲೋಕದಲ್ಲಿ ಅದಕ್ಕೊಂದು ಕ್ರಮ ಕೊಟ್ಟವರು ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾದಾಟದಲ್ಲಿ ಗುಂಡು ತಗುಲಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಸೈನಿಕ. ಓದಲು ಸಿಕ್ಕದ್ದು ಕ್ರಿಸ್ತನ ಮತ್ತು ಸಂತರ ಚರಿತೆ. ರಾಜಸಭೆಯ ಮೋಜನ್ನು ಕನಸಿದಾಗ ಆ ಹೊತ್ತಿಗೆ ಹಿತ, ಆಮೇಲೆ ಬರಿದು. ಸಂತರಂತೆ ಬದುಕುವುದನ್ನು ನೆನೆದಾಗ ಆ ಹೊತ್ತಿಗೂ ಹಿತ, ಆಮೇಲೂ ಸಮಾಧಾನ. ಈ ಸಣ್ಣ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ದಾರಿಯ ಮೊದಲ ಹೆಜ್ಜೆ. ಆಲೋಚನೆಯೊಂದು ಬಂದಾಗ ಹೇಗಿತ್ತು ಎಂಬುದಷ್ಟೇ ಅಲ್ಲ, ಹೋದ ಮೇಲೆ ಏನು ಉಳಿಸಿತು ಎಂದು ನೋಡು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ, ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರ ಬದಲಿಸಬೇಡ. ಗುಟ್ಟಾಗಿಡು ಎಂದು ಒತ್ತಾಯಿಸುವ ಪ್ರೇರಣೆಯನ್ನು ತಿಳಿದ ಒಬ್ಬರ ಮುಂದೆ ಬಿಚ್ಚಿಡು. ಅವರ ಧ್ಯಾನಾಭ್ಯಾಸದ ಪುಸ್ತಕಕ್ಕೆ 1548ರಲ್ಲಿ ಪೋಪ್ ಒಪ್ಪಿಗೆ ಸಿಕ್ಕಿತು. 1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ಇವರದೇ ಸಂಗಾತಿ.

ಶಹಾಬಾದಿನ ಖಣಿಯಲ್ಲಿ ಪರಸಿ ಒಡೆಯುವವರು ಬಂಡೆಯ ಮೇಲೆ ಸುತ್ತಿಗೆಯಿಂದ ತಟ್ಟಿ ಸಪ್ಪಳ ಕೇಳುತ್ತಾರೆ. ಗಟ್ಟಿ ಪದರಿನ ನಾದ ಬೇರೆ, ಒಳಗೆ ಬಿರುಕು ಬಿಟ್ಟದ್ದರ ನಾದ ಬೇರೆ. ಮೇಲ್ಮೈ ನೋಡಿದರೆ ಎರಡೂ ಒಂದೇ. ಆತ್ಮಗಳನ್ನು ಪರೀಕ್ಷಿಸಿ ಎಂದು ಸಂತ ಯೊವಾನ್ನರ ಪತ್ರ ಹೇಳುವುದು ಇಂಥ ಕಿವಿಯನ್ನೇ.

ಆ ಕಿವಿ ಇಂದು ಇಲ್ಲಿ ಬೇಕಾಗಿರುವುದು ಮುಖ್ಯವಾಗಿ ರೋಗಶಾಂತಿಯ ಪ್ರಾರ್ಥನೆಗಳಲ್ಲಿ. ಸಾಲ ಮಾಡಿ ಆಸ್ಪತ್ರೆ ತಿರುಗಿ ದಣಿದವರು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಹೋಗುತ್ತಾರೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ಗಾಳಿ ಸೋಂಕಿದೆ ಎಂದು ಮಕ್ಕಳನ್ನು ಕರೆತರುತ್ತಾರೆ. ಅವರ ನಂಬಿಕೆಯನ್ನು ಹಗುರ ಮಾಡುವ ಮಾತು ನನ್ನ ಬಾಯಲ್ಲಿ ಬಾರದು. ಆ ನಂಬಿಕೆಯನ್ನು ದುಡಿಸಿಕೊಳ್ಳುವವರನ್ನು ತಡೆಯುವುದು ಧರ್ಮಸಭೆಯ ಹೊಣೆ, ಮತ್ತು ಅದಕ್ಕೆ ನಿಯಮಗಳಿವೆ. 2000ದ ಸೆಪ್ಟೆಂಬರ್ 14ರಂದು ರೋಮ್ ಹೊರಡಿಸಿದ ಸೂಚನೆಯ ಪ್ರಕಾರ ಆರೋಗ್ಯಕ್ಕಾಗಿ ಪ್ರಾರ್ಥಿಸಲು ಯಾರಿಗೂ ತಡೆಯಿಲ್ಲ. ಆದರೆ ಸಭೆಗಳಲ್ಲಿ ಉನ್ಮಾದ, ನಾಟಕ, ಆಡಂಬರ ಕೂಡದು, ಎಲ್ಲವೂ ಬಿಷಪ್ ಅವರ ಗಮನದಲ್ಲಿರಬೇಕು. ದೆವ್ವ ಬಿಡಿಸುವ ವಿಧಿಯನ್ನು ಬಿಷಪ್ ಅವರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ಮಾಡುವಂತಿಲ್ಲ ಎಂದು ಕಾನೂನಿನ 1172ನೇ ವಿಧಿ ಹೇಳುತ್ತದೆ. ಅದಕ್ಕೂ ಮುಂಚೆ ರೋಗವೋ, ಮನೋರೋಗವೋ ಎಂದು ನೋಡಿಸಿಕೊಳ್ಳಬೇಕು. ಮೂರ್ಛೆರೋಗಕ್ಕೆ ಗುಳಿಗೆ ನುಂಗುವುದು ದೇವರ ಮೇಲಿನ ಅಪನಂಬಿಕೆಯಲ್ಲ.

ದರ್ಶನಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಬಿಗಿ. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಗಿರಣಿಯವನ ಮಗಳು, ಹದಿನಾಲ್ಕರ ಬೆರ್ನದೆತ್, ತಾನು ಒಬ್ಬ ತಾಯಿಯನ್ನು ಕಂಡೆ ಎಂದಳು. ಊರಿನ ಗುರು ಒಪ್ಪಲಿಲ್ಲ, ಪೊಲೀಸರು ಕರೆಸಿ ಕೇಳಿದರು. ಅಲ್ಲಿಯ ಬಿಷಪ್ ತನಿಖೆ ಮಾಡಿಸಿ ಒಪ್ಪಿಗೆ ಕೊಟ್ಟದ್ದು 1862ರಲ್ಲಿ. ಅಲ್ಲಿ ಗುಣವಾಯಿತೆಂದು ದಾಖಲಾದ ಪ್ರಸಂಗಗಳು 7,000ಕ್ಕೂ ಹೆಚ್ಚು, ವೈದ್ಯರ ಪರೀಕ್ಷೆ ದಾಟಿ ಧರ್ಮಸಭೆ ಪವಾಡವೆಂದು ಒಪ್ಪಿದ್ದು 70ರ ಆಸುಪಾಸು. ಹೀಗೆ ಒಪ್ಪಿಗೆ ಸಿಕ್ಕ ದರ್ಶನವನ್ನೂ ನಂಬಲೇಬೇಕೆಂಬ ಕಟ್ಟಳೆ ಕಥೋಲಿಕರಿಗಿಲ್ಲ. ಪ್ರಕಟಣೆ ಕ್ರಿಸ್ತನಲ್ಲಿ ಪೂರ್ತಿಯಾಯಿತು, ಆಮೇಲಿನ ದರ್ಶನಗಳು ಅದಕ್ಕೆ ಏನನ್ನೂ ಸೇರಿಸವು ಎಂಬುದು ಉಪದೇಶ.

2024ರ ಮೇ 17ರಂದು ಈ ಪರೀಕ್ಷೆಯ ನಿಯಮಗಳನ್ನೇ ಹೊಸದಾಗಿ ಬರೆದರು. ಇಂಥ ಸುದ್ದಿ ಎದ್ದಾಗ ಆ ಪ್ರಾಂತ್ಯದ ಬಿಷಪ್ ತನಿಖೆ ಮಾಡಬೇಕು, ತೀರ್ಪಿಗೆ ರೋಮಿನ ಒಪ್ಪಿಗೆ ಪಡೆಯಬೇಕು. 'ಅಡ್ಡಿಯಿಲ್ಲ' ಎಂಬಲ್ಲಿಂದ 'ಇದು ಅಲೌಕಿಕವಲ್ಲ' ಎಂಬಲ್ಲಿಯವರೆಗೆ ಆರು ಬಗೆಯ ತೀರ್ಪು. ಹಣ, ಅಧಿಕಾರ, ಹೆಸರಿನ ಆಸೆ ಕಂಡರೆ ಅದು ಕೆಟ್ಟ ಲಕ್ಷಣ. ದೇವರು ನನಗೆ ಹೇಳಿದ ಎಂದು ಇನ್ನೊಬ್ಬರನ್ನು ಹಿಡಿತದಲ್ಲಿಡುವುದು ವಿಶೇಷವಾಗಿ ಗಂಭೀರ ದೋಷ. ಅದೇ ವರ್ಷದ ಆಗಸ್ಟಿನಲ್ಲಿ ವೇಲಾಂಗಣ್ಣಿಯ ಭಕ್ತಿಗೆ ರೋಮಿನಿಂದ ಮೆಚ್ಚುಗೆಯ ಪತ್ರ ಬಂತು. ಕ್ರೈಸ್ತರಲ್ಲದ ಯಾತ್ರಿಕರು ಅಲ್ಲಿ ಪಡೆಯುವ ಸಮಾಧಾನವನ್ನೂ ಅದು ಗೌರವದಿಂದ ನೆನೆಯಿತು. ಖಾಜಾ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ತೇರಿಗೂ ಜಾತಿಮತ ನೋಡದೆ ಹೋಗುವ ಕಲಬುರಗಿಯ ಜನಕ್ಕೆ ಈ ಮಾತು ಹೊಸದಾಗಿ ಕೇಳದು.

ತನಿಖೆ ಮಾಡಬೇಕಾದವರು ಬಿಷಪ್ ಎಂದಾಗ, ಆ ಬಿಷಪ್ ಎಲ್ಲಿರುತ್ತಾರೆ ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ. ಚಿಂಚೋಳಿಯ ತಾಂಡಾದಲ್ಲಿ ಒಬ್ಬಳಿಗೆ ಏನೋ ಕಂಡಿತೆಂದರೆ ಅವಳ ಮಾತು ಬಲ್ಲವರು, ಅವಳ ಮನೆಯ ಕಷ್ಟ ಕಂಡವರು ಕೇಳಬೇಕು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮಾಡಿದ ತೀರ್ಮಾನದಿಂದ ಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬರಲು ಹಾದಿ ತೆರೆಯಿತು. ಆದರೂ ಕಲಬುರಗಿಯಲ್ಲೇ ಒಂದು ಪೀಠವಾಗಲು ರಾಜ್ಯ ಕೂಡಿದ ಮೇಲೆ 49 ವರ್ಷ ಕಾಯಬೇಕಾಯಿತು. ಬೆಂಗಳೂರು ಆರ್ಚ್‌ಡಯಾಸಿಸ್‌ನ ಅಡಿಯಲ್ಲಿ ಬಂದ ಮೇಲೆ ರಾಜ್ಯದ ಗಡಿಯೂ ಧರ್ಮಸಭೆಯ ಗಡಿಯೂ ಇಲ್ಲಿಗೆ ಹೊಂದಿಕೊಂಡವು.

ಹತ್ತಿರ ಬಂದರಷ್ಟೇ ಸಾಕೇ? ಕಾಸ್ಟ್ರೋನ ಕನ್ನಡಿಯಲ್ಲಿ ಕಾಣದ ಮುಖಗಳ ಮಾತು ಇಲ್ಲಿ ಬರುತ್ತದೆ. ಈ ಸೀಮೆಯ ಹಳ್ಳಿಗಳ ಕ್ರೈಸ್ತರಲ್ಲಿ ಬಹುಪಾಲು ದಲಿತ ಕುಟುಂಬಗಳು. 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಯ ಸವಲತ್ತು ಅವರಿಗೆ ಸಿಗದು. ಧರ್ಮಸಭೆಯೊಳಗೂ ಜಾತಿ ಉಳಿದಿದೆ, ಅದು ಪಾಪ ಎಂದು ಭಾರತದ ಬಿಷಪ್‌ಗಳೇ 2016ರ ದಲಿತ ನೀತಿಪತ್ರದಲ್ಲಿ ಒಪ್ಪಿಕೊಂಡರು. 2022ರ ಆಗಸ್ಟ್ 27ರಂದು ಹೈದರಾಬಾದಿನ ಆರ್ಚ್‌ಬಿಷಪ್ ಅಂತೋನಿ ಪೂಲಾ ಕಾರ್ಡಿನಲ್ ಆದರು, ಆ ಸ್ಥಾನಕ್ಕೇರಿದ ಮೊದಲ ದಲಿತರು. 2025ರ ಮೇ ತಿಂಗಳಲ್ಲಿ 14ನೇ ಲಿಯೊ ಅವರನ್ನು ಆರಿಸಿದ ಸಭೆಯಲ್ಲಿ ಅವರೂ ಮತ ಹಾಕಿದರು. ನಿಜಾಮರ ಸೀಮೆಗೆಂದು ಶುರುವಾದ ಪೀಠದಿಂದ ಒಬ್ಬ ದಲಿತ ಗುರು ಹೋಗಿ ಪೋಪ್ ಯಾರೆಂದು ತೀರ್ಮಾನಿಸುವಲ್ಲಿ ಕುಳಿತದ್ದು ನನ್ನ ಲೆಕ್ಕದಲ್ಲಿ 1637ರ ನೇಮಕಕ್ಕಿಂತ ದೊಡ್ಡ ಘಟನೆ. ಅದು ತಡವಾಗಿ ಬಂತೆಂಬ ನೋವು ಅದರಿಂದ ಕಡಿಮೆಯಾಗುವುದಿಲ್ಲ.

ಇನ್ನೊಂದು ಬದಲಾವಣೆ ಈಗ ನಡೆಯುತ್ತಿದೆ. ಬಿಷಪ್‌ನಿಂದ ಹಿಡಿದು ಕಟ್ಟಕಡೆಯ ವಿಶ್ವಾಸಿಯವರೆಗೆ ಇಡೀ ಜನ ವಿಶ್ವಾಸದಲ್ಲಿ ಒಮ್ಮತಕ್ಕೆ ಬಂದರೆ ಆ ಒಮ್ಮತ ತಪ್ಪಲಾರದು ಎಂದು 1964ರಲ್ಲೇ ಮಹಾಸಭೆ ಹೇಳಿತ್ತು. ಆ ಮಾತನ್ನು ಪೋಪ್ ಫ್ರಾನ್ಸಿಸ್ ಕಾರ್ಯಕ್ಕಿಳಿಸಿದರು. 2021ರ ಅಕ್ಟೋಬರ್ 17ರಿಂದ ಲೋಕದ ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಜನರ ಮಾತು ಕೇಳುವ ಸಿನೊದ್ ಶುರುವಾಯಿತು. ಅದರಲ್ಲಿ ಬಳಸಿದ ಸಂವಾದದ ಕ್ರಮ ಹೀಗಿದೆ. ಕೆಲವರು ದುಂಡಗೆ ಕೂರುತ್ತಾರೆ, ಪ್ರಾರ್ಥಿಸುತ್ತಾರೆ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಅನುಭವ ಹೇಳಬೇಕು, ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಬಿಷಪ್ ಇದ್ದರೂ ಅವರಿಗೂ ಅಷ್ಟೇ ಹೊತ್ತು. ಆಮೇಲೆ ಮೌನ. ಎರಡನೆಯ ಸುತ್ತಿನಲ್ಲಿ ತಮ್ಮ ಮಾತನ್ನು ಮತ್ತೆ ಹೇಳುವಂತಿಲ್ಲ, ಇನ್ನೊಬ್ಬರು ಹೇಳಿದ್ದರಲ್ಲಿ ತಮ್ಮ ಮನಸ್ಸನ್ನು ತಟ್ಟಿದ್ದು ಯಾವುದು ಎಂಬುದನ್ನಷ್ಟೇ ಹೇಳಬೇಕು. ಮತ್ತೆ ಮೌನ. ಮೂರನೆಯ ಸುತ್ತಿನಲ್ಲಿ ಒಟ್ಟಾಗಿ ಯಾವ ದಾರಿ ಕಾಣುತ್ತಿದೆ ಎಂದು ಮಾತಾಡಬೇಕು. ಇಗ್ನೇಷಿಯಸ್ ಹಾಸಿಗೆಯ ಮೇಲೆ ಒಬ್ಬರೇ ಮಾಡಿದ್ದನ್ನು ಇಲ್ಲಿ ಊರು ಕೂಡಿ ಮಾಡುತ್ತದೆ. 2024ರ ಅಕ್ಟೋಬರಿನಲ್ಲಿ ಸಿನೊದ್ ಮುಗಿದಾಗ ಬಂದ ಅಂತಿಮ ಪತ್ರವನ್ನು ಫ್ರಾನ್ಸಿಸ್ ತಿದ್ದದೆ, ತಮ್ಮದೇ ಬೇರೆ ಪತ್ರ ಬರೆಯದೆ, ಹಾಗೆಯೇ ತಮ್ಮ ಉಪದೇಶವಾಗಿ ಸ್ವೀಕರಿಸಿದರು.

ಮುಂದಿನ ವೇಳಾಪಟ್ಟಿಯೂ ಆಗಿದೆ. 2027ರ ಮೊದಲ ಅರ್ಧದಲ್ಲಿ ಪ್ರತಿ ಧರ್ಮಪ್ರಾಂತ್ಯದಲ್ಲೂ ಏನಾಯಿತು, ಏನಾಗಲಿಲ್ಲ ಎಂದು ನೋಡುವ ಸಭೆಗಳು, 2028ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಇಡೀ ಧರ್ಮಸಭೆಯ ಸಮಾವೇಶ. ಕಲಬುರಗಿಯ ಸಭೆಗೆ ಯಾರು ಬರುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಈಗಿನಿಂದಲೇ ತೀರ್ಮಾನವಾಗಬೇಕು. ಶಹಾಬಾದಿನ ಖಣಿ ಕೆಲಸದವರಿಗೆ ಒಂದು ದಿನದ ಕೂಲಿ ಬಿಟ್ಟು ಬರಲಾಗದು, ಸಭೆ ಭಾನುವಾರವೇ ಇರಬೇಕು. ಚಿಂಚೋಳಿಯಿಂದ ಬರುವವರಿಗೆ ಬಸ್ಸಿನ ಹೊತ್ತು ನೋಡಿಕೊಳ್ಳಬೇಕು. ತಾಂಡಾದ ಹೆಣ್ಣುಮಕ್ಕಳು ಲಂಬಾಣಿಯಲ್ಲೇ ಹೇಳಲಿ, ಬರೆದುಕೊಳ್ಳಲು ಆ ಭಾಷೆ ಬಲ್ಲ ಒಬ್ಬ ಉಪದೇಶಿಯನ್ನು ಕೂರಿಸಬೇಕು.